ಏಕತಾರಿಯ ದನಿ ಎಲ್ಲಿ ಹೋಯಿತು?

ಕೃಷ್ಣೆಯ ದಡದ ತಿಂಥಣಿ ಮೌನೇಶ್ವರರ ಪದಗಳು, ಕೊಡೇಕಲ್ ಬಸವಣ್ಣನವರ ಪರಂಪರೆಯ ತತ್ವಪದಗಳು, ಮೊಹರಂ ಹೊತ್ತಿನ ರಿವಾಯತ್ ಪದಗಳು: ಯಾದಗಿರಿ, ಶಹಾಪುರ, ಸುರಪುರದ ಸುತ್ತಲಿನ ಹಳ್ಳಿಗಳಲ್ಲಿ ಇವುಗಳಲ್ಲಿ ಬಹಳಷ್ಟು ಇನ್ನೂ ಹಿರಿಯರ ಕೊರಳಿನಲ್ಲೇ ಇವೆ. ಅವನ್ನು ಹಿಡಿದಿಡಲು ಈಗ ಸ್ಟುಡಿಯೊ ಬೇಕಿಲ್ಲ. ಒಂದು ಲ್ಯಾಪ್‌ಟಾಪ್, ಒಂದು ಯುಎಸ್‌ಬಿ ಮೈಕು, ಹಣ ಕೊಡದೆ ಸಿಗುವ ಅಡಾಸಿಟಿಯಂಥ ಸಾಫ್ಟ್‌ವೇರ್ ಇದ್ದರೆ ಸಾಕು. ಆದರೆ ದನಿ ಬರಲಿಲ್ಲ, ಕರಕರ ಎಂದಿತು, ಹಿಂದೆ ಬಿತ್ತು ಎಂದೊಡನೆ ಸಾಫ್ಟ್‌ವೇರನ್ನೇ ತೆಗೆದುಹಾಕಿ ಮತ್ತೆ ಹಾಕಿಕೊಳ್ಳುವುದು ರೂಢಿಯಾಗಿದೆ. ಅದರಿಂದ ಸಾಮಾನ್ಯವಾಗಿ ಏನೂ ಸರಿಯಾಗುವುದಿಲ್ಲ. ದೋಷ ಹೆಚ್ಚಾಗಿ ಇರುವುದು ಹಾಡುಗಾರನ ಬಾಯಿಂದ ಡಿಸ್ಕಿನವರೆಗೆ ದನಿ ಸಾಗುವ ದಾರಿಯಲ್ಲಿ. ಆ ದಾರಿಯನ್ನು ಬಾಯಿಯ ಕಡೆಯಿಂದ ಒಂದೊಂದೇ ಹೆಜ್ಜೆ ನೋಡುತ್ತ ಬಂದರೆ ತಪ್ಪು ಸಿಗುತ್ತದೆ. ಒಂದು ಸಲಕ್ಕೆ ಒಂದನ್ನೇ ಬದಲಿಸಿ. ಎರಡು ಬದಲಿಸಿದರೆ ಯಾವುದರಿಂದ ಸರಿಯಾಯಿತು ಎಂಬುದು ತಿಳಿಯುವುದಿಲ್ಲ, ನಾಳೆ ಅದೇ ತೊಂದರೆ ಮತ್ತೆ ಬಂದಾಗ ಕೈ ಕಟ್ಟಿದಂತಾಗುತ್ತದೆ.

ದನಿಯೇ ಬರುತ್ತಿಲ್ಲ ಎನ್ನೋಣ. ವಿಂಡೋಸ್‌ನ ಸೆಟ್ಟಿಂಗ್ಸ್‌ನಲ್ಲಿ ಸೌಂಡ್ ಪುಟ ತೆರೆದು, ಇನ್‌ಪುಟ್ ಆಗಿ ನಿಮ್ಮ ಮೈಕನ್ನೇ ಆರಿಸಿ, ಅದರೆದುರು ಮಾತಾಡಿ. ಅಲ್ಲಿನ ಪಟ್ಟಿ ಕದಲಿದರೆ ಮೈಕು, ವೈರು ಎರಡೂ ಸರಿಯಿವೆ. ರೆಕಾರ್ಡಿಂಗ್ ಸಾಫ್ಟ್‌ವೇರ್ ಬೇರೆ ಮೈಕನ್ನು, ಹೆಚ್ಚಾಗಿ ಲ್ಯಾಪ್‌ಟಾಪಿನ ಒಳಗಿನದನ್ನೇ, ಆರಿಸಿಕೊಂಡು ಕೂತಿರಬಹುದು. ಹಾಗಿದ್ದರೆ ಅದನ್ನು ಬದಲಿಸಿ. ಸರಿಯಾದ ಮೈಕೇ ಆಯ್ಕೆಯಾಗಿದ್ದರೆ ಪ್ರೈವಸಿ ಪುಟದಲ್ಲಿ ಮೈಕ್ರೊಫೋನ್ ಬಳಸಲು ಸಾಫ್ಟ್‌ವೇರುಗಳಿಗೆ ಅನುಮತಿ ಇದೆಯೇ ನೋಡಿ. ಪಟ್ಟಿ ಕದಲದಿದ್ದರೆ ದೋಷ ಇನ್ನೂ ಈಚೆಗಿದೆ: ವೈರು, ಯುಎಸ್‌ಬಿ ಕಿಂಡಿ, ಮೈಕಿನ ಮೇಲಿನ ಮ್ಯೂಟ್ ಗುಂಡಿ. ಯುಎಸ್‌ಬಿ ಮೈಕಲ್ಲದೆ, ಆಡಿಯೊ ಇಂಟರ್‌ಫೇಸಿಗೆ (ಮೈಕಿಗೂ ಲ್ಯಾಪ್‌ಟಾಪಿಗೂ ನಡುವೆ ಕೂರುವ ಪೆಟ್ಟಿಗೆ) ಜೋಡಿಸಿದ ಕಂಡೆನ್ಸರ್ ಮೈಕಾದರೆ 48 ವೋಲ್ಟ್ ಎಂದು ಬರೆದ ಗುಂಡಿ ಒತ್ತಿರಲೇಬೇಕು.

ಈ ಭಾಗದ ಹಾಡಿಕೆಗೇ ತೊಡಕಾಗುವ ಇನ್ನೊಂದು ದೋಷವಿದೆ. ಏಕತಾರಿ ಮೀಟುತ್ತ, ಇಲ್ಲವೇ ಪೇಟಿಯಲ್ಲಿ ಶ್ರುತಿ ಹಿಡಿದು ಪದ ಹಾಡುತ್ತಾರೆ. ಕೇಳಿ ನೋಡಿದರೆ ಮೊದಲ ಕ್ಷಣಗಳಲ್ಲಿ ಶ್ರುತಿ ತುಂಬಿಕೊಂಡಿರುತ್ತದೆ, ಆಮೇಲೆ ಕರಗುತ್ತ ಹೋಗಿ ಬರೀ ಕೊರಳು ಉಳಿಯುತ್ತದೆ. ಹಾಡುಗಾರ ಉಸಿರು ತೆಗೆದುಕೊಳ್ಳುವಲ್ಲಿ ಬಾವಿಯಂಥ ಮೌನ. ಇದು ಮೈಕಿನ ತಪ್ಪಲ್ಲ. ಹಲವು ಲ್ಯಾಪ್‌ಟಾಪುಗಳಲ್ಲಿ ವಿಡಿಯೊ ಕರೆಗೆಂದು ಗದ್ದಲ ಅಡಗಿಸುವ ಸೌಲಭ್ಯ ಮೊದಲೇ ಚಾಲೂ ಇರುತ್ತದೆ. ಏರಿಳಿತವಿರುವುದು ಮಾತು, ಒಂದೇ ಸಮ ಇರುವುದು ಫ್ಯಾನಿನ ಸದ್ದು ಎಂಬುದು ಅದರ ಲೆಕ್ಕ. ಶ್ರುತಿಯ ಗುಣವೇ ಒಂದೇ ಸಮ ನಿಲ್ಲುವುದು. ಹಾಗಾಗಿ ಹಾಡಿಕೆಗೆ ಆಧಾರವಾದ ನಾದವೇ ಅದಕ್ಕೆ ಕಸವಾಗಿ ಕಾಣುತ್ತದೆ. ಸೌಂಡ್ ಪುಟದಲ್ಲಿ ಆ ಮೈಕಿನ ಹೆಸರು ಒತ್ತಿ ಆಡಿಯೊ ಎನ್‌ಹ್ಯಾನ್ಸ್‌ಮೆಂಟ್ಸ್ ಆಫ್ ಮಾಡಿ; ಲ್ಯಾಪ್‌ಟಾಪ್ ಕಂಪನಿಯದೇ ಬೇರೆ ಆಡಿಯೊ ಆ್ಯಪ್ ಇದ್ದರೆ ಅಲ್ಲಿಯೂ ನಾಯ್ಸ್ ಸಪ್ರೆಶನ್ ತೆಗೆಯಿರಿ. ಅಡಾಸಿಟಿಯ ನಾಯ್ಸ್ ರಿಡಕ್ಷನ್ ಬಳಸುವವರಿಗೂ ಇದೇ ಎಚ್ಚರ ಬೇಕು. ಅದಕ್ಕೆ ಮಾದರಿ ಕೊಡುವಾಗ ಶ್ರುತಿ ಸೇರಿದ ತುಣುಕು ಆರಿಸಿದರೆ ಶ್ರುತಿಯೇ ಅಳಿಸಿಹೋಗುತ್ತದೆ. ಪೇಟಿ ಶುರುವಾಗುವ ಮುನ್ನ ಐದಾರು ಸೆಕೆಂಡು ಎಲ್ಲರೂ ಸುಮ್ಮನಿದ್ದು ಕೋಣೆಯ ಮೌನವನ್ನಷ್ಟೇ ರೆಕಾರ್ಡ್ ಮಾಡಿಕೊಳ್ಳಿ. ಮಾದರಿಗೆ ಅದನ್ನೇ ಕೊಡಿ.

ಗದ್ದಲ ಅಡಗಿಸುವ ಸೌಲಭ್ಯ ಆಫ್ ಮಾಡಿದರೆ ಫ್ಯಾನಿನ ಸದ್ದು ಉಳಿಯುವುದಿಲ್ಲವೇ ಎಂದು ಕೇಳಬಹುದು. ಉಳಿಯುತ್ತದೆ. ಅದನ್ನು ನಿಲ್ಲಿಸಬೇಕಾದದ್ದು ಕೋಣೆಯಲ್ಲಿ. ಬಿಸಿಲು 40 ಡಿಗ್ರಿ ದಾಟುವ ಈ ಸೀಮೆಯಲ್ಲಿ ಮಧ್ಯಾಹ್ನ ಫ್ಯಾನ್ ಆರಿಸಿ ಹಿರಿಯರನ್ನು ಹಾಡಿಸುವುದು ಸಲ್ಲದು. ನಸುಕಿನಲ್ಲೋ ರಾತ್ರಿ ಊಟದ ಮೇಲೋ ಕೂಡಿಸಿ. ಫರ್ಸಿ ಹಾಸಿದ ನೆಲ, ಕಲ್ಲಿನ ಗೋಡೆ ದನಿಯನ್ನು ತಿರುಗಿಸಿ ಎಸೆಯುತ್ತವೆ. ಕೆಳಗೆ ಜಮಖಾನೆ ಹಾಸಿ, ಹಾಡುಗಾರರ ಹಿಂದೆ ಮತ್ತು ಪಕ್ಕದಲ್ಲಿ ಹಗ್ಗ ಕಟ್ಟಿ ದಪ್ಪ ಕೌದಿ ಇಳಿಬಿಡಿ. ಆ ಮಾರ್ದನಿಯನ್ನು ಆಮೇಲೆ ಸಾಫ್ಟ್‌ವೇರಿನಿಂದ ಪೂರ್ತಿ ತೆಗೆಯಲು ಆಗುವುದಿಲ್ಲ, ಕೌದಿಯಿಂದ ಮೊದಲೇ ತಡೆಯಬಹುದು.

ಹಿನ್ನೆಲೆಯಲ್ಲಿ ಗುಂಯ್ ಎಂಬ ಸದ್ದಿದ್ದರೆ ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ನಡೆಸಿ. ಸದ್ದು ನಿಂತರೆ ಅದು ಕರೆಂಟಿನದು. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತನದ್ದು. ಅರ್ತಿಂಗ್ ಸರಿಯಿಲ್ಲದ ಮನೆಗಳಲ್ಲಿ ಅದೂ ಅದರ ದುಪ್ಪಟ್ಟುಗಳೂ ಮೈಕಿನ ದಾರಿಗೆ ನುಸುಳುತ್ತವೆ. ಇನ್ವರ್ಟರ್ ಮೇಲೆ ನಡೆಯುವಾಗ ಕೆಲವೆಡೆ ಇದು ಇನ್ನೂ ಒರಟಾಗಿ ಕೇಳುತ್ತದೆ. ಬ್ಯಾಟರಿ ತುಂಬಿಸಿಕೊಂಡು, ಚಾರ್ಜರ್ ತೆಗೆದು ರೆಕಾರ್ಡ್ ಮಾಡುವುದೇ ಸುಲಭದ ಪರಿಹಾರ. ನಡುವೆ ಕರೆಂಟು ಹೋದರೂ ಹಾಡು ನಿಲ್ಲುವುದಿಲ್ಲ.

ಹೆಡ್‌ಫೋನಿನಲ್ಲಿ ತನ್ನ ದನಿ ತಡವಾಗಿ ಕೇಳುವುದು ಮತ್ತು ದನಿ ಕರಕರ ಒಡೆಯುವುದು ಎರಡು ಬೇರೆ ರೋಗಗಳೆಂದು ತೋರುತ್ತವೆ. ಹೆಚ್ಚಿನ ಸಲ ಎರಡರ ಬೇರೂ ಬಫರ್ ಎಂಬ ಒಂದೇ ಸೆಟ್ಟಿಂಗಿನಲ್ಲಿದೆ. ಕಂಪ್ಯೂಟರ್ ದನಿಯನ್ನು ಹನಿಹನಿಯಾಗಿ ಅಲ್ಲ, ಕೊಡಗಟ್ಟಲೆ ಎತ್ತುತ್ತದೆ; ಬಫರ್ ಎಂದರೆ ಆ ಕೊಡದ ಅಳತೆ. ಸೆಕೆಂಡಿಗೆ 44,100 ಸ್ಯಾಂಪಲ್ ಲೆಕ್ಕದಲ್ಲಿ 1,024ರ ಬಫರ್ ತುಂಬಲು ಸುಮಾರು 23 ಮಿಲಿಸೆಕೆಂಡು ಬೇಕು, 256ಕ್ಕೆ ಸುಮಾರು 6 ಸಾಕು. ಕೊಡ ದೊಡ್ಡದಾದರೆ ತಡ, ತೀರ ಚಿಕ್ಕದಾದರೆ ಕಂಪ್ಯೂಟರಿಗೆ ಎತ್ತಿ ಪೂರೈಸದೆ ಕರಕರ. ಹಾಡುವಾಗ 256ರಿಂದ ಶುರು ಮಾಡಿ, ಒಡೆದರೆ 512ಕ್ಕೆ ಏರಿಸಿ. ಬ್ರೌಸರ್ ಮುಚ್ಚಿ, ಪವರ್ ಸೇವರ್ ತೆಗೆಯಿರಿ, ಇಂಟರ್‌ಫೇಸ್ ಕಂಪನಿಯದೇ ಡ್ರೈವರ್ ಹಾಕಿಕೊಳ್ಳಿ. ಬ್ಲೂಟೂತ್ ಹೆಡ್‌ಫೋನ್ ಮಾತ್ರ ಈ ಕೆಲಸಕ್ಕೆ ಬೇಡವೇ ಬೇಡ: ಅದರ ತಡವನ್ನು ಬಫರ್ ಇಳಿಸಿ ತೆಗೆಯಲಾಗದು, ಅದರ ಮೈಕು ಚಾಲೂ ಆದೊಡನೆ ದನಿ ಫೋನ್ ಕರೆಯ ಮಟ್ಟಕ್ಕೆ ಇಳಿಯುತ್ತದೆ.

ಹಾಡು ಕೇಳುವಾಗ ನಿಧಾನವಾಗಿ, ಶ್ರುತಿ ಇಳಿದಂತೆ ಕೇಳಿದರೆ ಹಾಡುಗಾರರನ್ನು ದೂರಬೇಡಿ. ಸೆಕೆಂಡಿಗೆ 48,000 ಸ್ಯಾಂಪಲ್ ಲೆಕ್ಕದಲ್ಲಿ ಹಿಡಿದದ್ದನ್ನು 44,100 ಎಂದು ತಿಳಿದು ನುಡಿಸಿದರೆ ಪೇಟಿಯ ಕರಿ, ಬಿಳಿ ಮನೆಗಳನ್ನು ಒಟ್ಟಿಗೆ ಎಣಿಸಿದಂತೆ ಸುಮಾರು ಒಂದೂವರೆ ಮನೆ ಶ್ರುತಿ ಇಳಿಯುತ್ತದೆ. ವಿಂಡೋಸ್, ಇಂಟರ್‌ಫೇಸ್, ಸಾಫ್ಟ್‌ವೇರ್ ಮೂರರಲ್ಲೂ ಒಂದೇ ಸಂಖ್ಯೆ ಇರಲಿ.

ಇಷ್ಟೆಲ್ಲ ಯಾಕೆ, ಫೋನಿನಲ್ಲೇ ಹಿಡಿದರೆ ಆಗದೇ ಎನ್ನುವವರ ಮಾತಿನಲ್ಲಿ ಹುರುಳಿದೆ. ಏನೂ ಇಲ್ಲದಿರುವುದಕ್ಕಿಂತ ಫೋನು ಎಷ್ಟೋ ಮೇಲು, ಎರಡನೆಯ ಪ್ರತಿಗಾಗಿ ಪಕ್ಕದಲ್ಲಿ ಅದನ್ನೂ ಇಡಲೇಬೇಕು. ಆದರೆ ಎಷ್ಟೋ ಫೋನುಗಳು ದನಿಯ ಮಟ್ಟವನ್ನು ತಾವೇ ಏರಿಳಿಸುತ್ತವೆ. ಮೆಲ್ಲಗೆ ಹೇಳಿದ ಸೊಲ್ಲು, ಎತ್ತರಿಸಿ ಹಾಡಿದ ಪಲ್ಲವಿ ಒಂದೇ ಎತ್ತರಕ್ಕೆ ಬಂದು ನಿಲ್ಲುತ್ತವೆ. ಲ್ಯಾಪ್‌ಟಾಪಿನಲ್ಲಿ ಆ ಮಟ್ಟ ನಿಮ್ಮ ಕೈಯಲ್ಲಿರುತ್ತದೆ. ತಾಳ, ದಮ್ಮಡಿ ಸೇರಿಸಿ ಅತಿ ಜೋರಿನ ಭಾಗವನ್ನು ಮೊದಲು ಹಾಡಿಸಿ, ಮೀಟರ್ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ನಿಲ್ಲುವಂತೆ ಗೇನ್, ಅಂದರೆ ಮೈಕಿನ ಮಟ್ಟ, ಹೊಂದಿಸಿ. ಸೊನ್ನೆ ಮುಟ್ಟಿ ಒಡೆದ ದನಿಯನ್ನು ಮೊದಲಿನಂತೆ ಮಾಡಲು ಬರುವುದಿಲ್ಲ. ಮೆಲ್ಲಗೆ ಬಂದದ್ದನ್ನು ಆಮೇಲೆ ಏರಿಸಬಹುದು.

ಕೊನೆಗೆ ಉಳಿಸುವ ಮಾತು. ಅಡಾಸಿಟಿಯಲ್ಲಿ ಸೇವ್ ಪ್ರಾಜೆಕ್ಟ್ ಒತ್ತಿದರೆ ಬರುವ ಕಡತವನ್ನು ಬೇರೆಯವರು ಫೋನಿನಲ್ಲಿ ಕೇಳಲಾಗದು. ಅದರ ಜೊತೆಗೆ ಡಬ್ಲ್ಯೂಎವಿ ರೂಪದಲ್ಲಿ ಎಕ್ಸ್‌ಪೋರ್ಟ್ ಮಾಡಿ. ಸಾಮಾನ್ಯ 16 ಬಿಟ್ ಸ್ಟೀರಿಯೊ ಆದರೆ ನಿಮಿಷಕ್ಕೆ ಸುಮಾರು 10 ಎಂಬಿ ಜಾಗ ಬೇಕು. ಅದೇ ದಿನ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ, ಇನ್ನೊಂದನ್ನು ಹಾಡಿದವರ ಮನೆಗೆ ಕೊಡಿ. ಕಡತಕ್ಕೆ ಟ್ರ್ಯಾಕ್ 1, ಟ್ರ್ಯಾಕ್ 2 ಎಂದು ಬಿಡಬೇಡಿ. ಹಾಡಿದವರ ಹೆಸರು, ಊರು, ಪದದ ಮೊದಲ ಸೊಲ್ಲು, ದಿನಾಂಕ, ಇಷ್ಟನ್ನೂ ಕಡತದ ಹೆಸರಿನಲ್ಲೇ ಬರೆಯಿರಿ.