ಎಲ್ಲಿದೆ ಎಂದು ಬರೆದಿಡುವ ವಿದ್ಯೆ



ಪ್ರತಿಯೊಂದು ಶಾಲೆಯ ಕಚೇರಿಯಲ್ಲಿಯೂ ಕೆಲವು ದಪ್ಪ ಪುಸ್ತಕಗಳಿರುವುದನ್ನು ನೀವು ಕಂಡಿದ್ದೀರಿ. ದಾಖಲಾತಿ ಪುಸ್ತಕ, ಹಾಜರಿ ಪುಸ್ತಕ, ಅಂಕಗಳ ಪುಸ್ತಕ ಇವುಗಳ ಉಪಯೋಗ ನಿಮಗೆ ತಿಳಿದೇ ಇದೆ. ಇವುಗಳ ಜೊತೆಗೆ ದಾಸ್ತಾನು ಪುಸ್ತಕವೆಂಬ ಇನ್ನೊಂದು ಪುಸ್ತಕವಿರುತ್ತದೆ. ಅದರಲ್ಲಿ ಯಾವ ವಿದ್ಯಾರ್ಥಿಯ ಹೆಸರೂ ಇರುವುದಿಲ್ಲ. ಬೆಂಚುಗಳೆಷ್ಟು, ಭೂಪಟಗಳೆಷ್ಟು, ಬೀರುಗಳೆಷ್ಟು, ಯಾವ ಬೀರು ಯಾವ ಕೊಠಡಿಯಲ್ಲಿದೆ, ಅದರ ಬೀಗದ ಕೈ ಯಾರ ವಶದಲ್ಲಿದೆ ಎಂಬ ವಿವರ ಮಾತ್ರ ಇರುತ್ತದೆ. ಮೇಲ್ನೋಟಕ್ಕೆ ಇದು ಬಹಳ ನೀರಸವಾದ ಪುಸ್ತಕ. ಆದರೆ ಇಪ್ಪತ್ತು ವರ್ಷಗಳ ಹಿಂದೆ ಶಾಲೆ ಬಿಟ್ಟವರೊಬ್ಬರು ತಮ್ಮ ಜನ್ಮ ದಿನಾಂಕದ ಪ್ರಮಾಣಕ್ಕಾಗಿ ಬಂದು ನಿಂತಾಗ, ಆ ವರ್ಷದ ದಾಖಲಾತಿ ಪುಸ್ತಕ ಯಾವ ಬೀರುವಿನಲ್ಲಿದೆ ಎಂದು ಯಾರಿಗೂ ತಿಳಿಯದಿದ್ದರೆ, ಆ ಪುಸ್ತಕ ಇದ್ದೂ ಇಲ್ಲದಂತೆಯೇ ಸರಿ.

ಬರೆದಿಡುವುದು ಒಂದು ವಿದ್ಯೆ. ಬರೆದುದು ಎಲ್ಲಿದೆ ಎಂಬುದನ್ನು ಬರೆದಿಡುವುದು ಮತ್ತೊಂದು ವಿದ್ಯೆ. ಕಾಗದದ ಕಾಲದಲ್ಲಿ ಈ ಎರಡನೆಯ ವಿದ್ಯೆಗೆ ಎಷ್ಟು ಬೆಲೆಯಿತ್ತೋ, ಕಂಪ್ಯೂಟರಿನ ಈ ಕಾಲದಲ್ಲಿ ಅದಕ್ಕೆ ಅದಕ್ಕಿಂತ ಹೆಚ್ಚಿನ ಬೆಲೆ ಬಂದಿದೆ. ಈ ಪಾಠದಲ್ಲಿ ಅದನ್ನೇ ತಿಳಿಯೋಣ.

೧. ದತ್ತಾಂಶಕ್ಕೂ ಒಂದು ಮನೆಯುಂಟು

ಮೊಬೈಲಿನಲ್ಲಿ ತೆಗೆದ ಚಿತ್ರ ‘ಕ್ಲೌಡ್’ಗೆ ಹೋಯಿತೆಂದು ನೀವು ಹೇಳುವುದುಂಟು. ಕ್ಲೌಡ್ ಎಂದರೆ ಮೋಡ. ಆದರೆ ಯಾವ ಚಿತ್ರವೂ ಆಕಾಶದಲ್ಲಿ ತೇಲುತ್ತಿಲ್ಲ. ಎಲ್ಲಿಯೋ ಒಂದು ಊರಿನಲ್ಲಿ, ಭದ್ರವಾದ ಕಟ್ಟಡದೊಳಗೆ, ಸಾಲುಸಾಲಾಗಿ ನಿಲ್ಲಿಸಿದ ಲೋಹದ ಕಪಾಟುಗಳಲ್ಲಿರುವ ಡಿಸ್ಕುಗಳ ಮೇಲೆ ಅದು ಕುಳಿತಿದೆ. ಇಂಥ ಕಟ್ಟಡಕ್ಕೆ ದತ್ತಾಂಶ ಕೇಂದ್ರ ಅಥವಾ ಡೇಟಾ ಸೆಂಟರ್ ಎಂದು ಹೆಸರು. ನಿಮ್ಮೆಲ್ಲರ ಆಧಾರ್ ವಿವರಗಳನ್ನಿಡುವ ಪ್ರಾಧಿಕಾರಕ್ಕೆ ಬೆಂಗಳೂರಿನಲ್ಲಿ ಒಂದು, ಹರಿಯಾಣದ ಮಾನೇಸರಿನಲ್ಲಿ ಒಂದು, ಹೀಗೆ ಎರಡು ದತ್ತಾಂಶ ಕೇಂದ್ರಗಳಿವೆ. ಇವೆರಡರ ನಡುವಣ ಅಂತರ ೧,೫೦೦ ಕಿಲೋಮೀಟರಿಗೂ ಹೆಚ್ಚು.

ನೆರೆಯ ಕರ್ನಾಟಕದ ‘ಭೂಮಿ’ ಯೋಜನೆಯನ್ನು ನೋಡಿರಿ. ೨೦೦೦ನೆಯ ಇಸವಿಯ ಆಸುಪಾಸಿನಲ್ಲಿ ಸುಮಾರು ೬೭ ಲಕ್ಷ ರೈತರ ಸುಮಾರು ೨ ಕೋಟಿ ಪಹಣಿಗಳು ಕಂಪ್ಯೂಟರನ್ನು ಸೇರಿದವು. ಅದಕ್ಕೆ ಮೊದಲು ಅವು ಸುಮಾರು ೯,೦೦೦ ಗ್ರಾಮ ಲೆಕ್ಕಿಗರ ವಶದಲ್ಲಿದ್ದ ಕೈಬರಹದ ಪುಸ್ತಕಗಳಾಗಿದ್ದವು. ನಮ್ಮ ತಮಿಳುನಾಡಿನಲ್ಲಿಯೂ ಪಟ್ಟಾ-ಚಿಟ್ಟಾ ವಿವರಗಳನ್ನು ಇಂದು ಕಂಪ್ಯೂಟರಿನಲ್ಲಿಯೇ ನೋಡಬಹುದು. ಪುಸ್ತಕವಿದ್ದಾಗ ಕೇಳಬೇಕಾದ ಪ್ರಶ್ನೆ ‘ಯಾವ ಬೀರು?’ ಎಂಬುದು. ಈಗ ಕೇಳಬೇಕಾದ ಪ್ರಶ್ನೆ ‘ಯಾವ ಡಿಸ್ಕು, ಯಾವ ಪೆಟ್ಟಿಗೆ, ಯಾವ ಕಟ್ಟಡ?’ ಎಂಬುದು.

೨. ಕಂಪ್ಯೂಟರ್ ಕೋಣೆಯ ದಾಸ್ತಾನು ಪುಸ್ತಕ

ದೊಡ್ಡ ಕಚೇರಿಗಳಲ್ಲಿ, ಬ್ಯಾಂಕುಗಳಲ್ಲಿ, ಆಸ್ಪತ್ರೆಗಳಲ್ಲಿ ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕಾಗಿಯೇ ಒಂದು ಪಟ್ಟಿಯನ್ನಿಡುತ್ತಾರೆ. ಅದಕ್ಕೆ ‘ಕಾನ್ಫಿಗರೇಶನ್ ಮ್ಯಾನೇಜ್‌ಮೆಂಟ್ ಡೇಟಾಬೇಸ್’ ಎಂದು ಹೆಸರು. ಉಚ್ಚರಿಸುವುದಕ್ಕೆ ಉದ್ದವಾದುದರಿಂದ ಸಿ.ಎಂ.ಡಿ.ಬಿ. ಎನ್ನುತ್ತಾರೆ. ನಾವು ಇದನ್ನು ‘ಜೋಡಣೆಯ ದಾಸ್ತಾನು’ ಎಂದು ಕರೆಯೋಣ. ೧೯೮೦ರ ದಶಕದಲ್ಲಿ ಬ್ರಿಟನ್ ಸರ್ಕಾರದ ಕಂಪ್ಯೂಟರ್ ಸಂಸ್ಥೆಯೊಂದು ಕಚೇರಿಗಳ ಯಂತ್ರವ್ಯವಸ್ಥೆಯನ್ನು ಕ್ರಮವಾಗಿ ನೋಡಿಕೊಳ್ಳುವ ಬಗೆಯನ್ನು ಕುರಿತು ಐ.ಟಿ.ಐ.ಎಲ್. ಎಂಬ ಪುಸ್ತಕಮಾಲೆಯನ್ನು ಸಿದ್ಧಪಡಿಸಲು ಆರಂಭಿಸಿತು. ಈ ಪದ್ಧತಿ ಹೆಚ್ಚು ಪ್ರಚಾರಕ್ಕೆ ಬಂದುದು ಆ ಮಾಲೆಯಿಂದ.

ಈ ದಾಸ್ತಾನಿನಲ್ಲಿ ದತ್ತಾಂಶವನ್ನೇ ಬರೆಯುವುದಿಲ್ಲ ಎಂಬುದನ್ನು ಗಮನಿಸಿರಿ. ದತ್ತಾಂಶವನ್ನು ಹೊತ್ತಿರುವ ವಸ್ತುಗಳನ್ನು ಬರೆಯುತ್ತಾರೆ. ಒಂದೊಂದು ವಸ್ತುವಿಗೂ ಒಂದೊಂದು ಸಾಲು. ಡಿಸ್ಕುಗಳ ಪೆಟ್ಟಿಗೆಯೊಂದನ್ನು ತೆಗೆದುಕೊಂಡರೆ, ಅದರ ಕಾರ್ಖಾನೆಯ ಕ್ರಮಸಂಖ್ಯೆ, ಮಾದರಿ, ಅದು ಹಿಡಿಸುವ ದತ್ತಾಂಶದ ಪ್ರಮಾಣ, ಈಗ ತುಂಬಿರುವ ಪ್ರಮಾಣ, ನಿಂತಿರುವ ಕೊಠಡಿ ಮತ್ತು ಕಪಾಟು, ಕೊಂಡ ದಿನಾಂಕ, ಖಾತರಿಯ ಅವಧಿ ಮುಗಿಯುವ ದಿನಾಂಕ, ಹೊಣೆಗಾರರು, ಅದರ ಪ್ರತಿ ಇರುವ ಸ್ಥಳ ಇಷ್ಟನ್ನಾದರೂ ಬರೆಯಬೇಕು. ಹೆಸರು ಬದಲಾಗಬಹುದು, ಕೊಠಡಿ ಬದಲಾಗಬಹುದು. ಕಾರ್ಖಾನೆಯ ಕ್ರಮಸಂಖ್ಯೆ ಮಾತ್ರ ಬದಲಾಗುವುದಿಲ್ಲ. ಆದುದರಿಂದ ಗುರುತಿಗೆ ಅದೇ ಮುಖ್ಯ. ತರಗತಿಯಲ್ಲಿ ಒಂದೇ ಹೆಸರಿನ ಇಬ್ಬರಿದ್ದರೂ ದಾಖಲಾತಿ ಸಂಖ್ಯೆ ಬೇರೆ ಬೇರೆಯಾಗಿರುವುದಿಲ್ಲವೇ, ಹಾಗೆ.

೩. ನೀರಗಂಟಿಯ ಜ್ಞಾನ

ವಸ್ತುಗಳನ್ನು ಎಣಿಸಿ ಬರೆದರೆ ಅದು ಬರಿಯ ಪಟ್ಟಿ. ಒಂದಕ್ಕೂ ಇನ್ನೊಂದಕ್ಕೂ ಇರುವ ಸಂಬಂಧವನ್ನು ಬರೆದಾಗಲೇ ಅದು ಜೋಡಣೆಯ ದಾಸ್ತಾನಾಗುತ್ತದೆ. ಇದನ್ನು ತಿಳಿಯಲು ಹಳ್ಳಿಯ ನೀರಗಂಟಿಯನ್ನು ನೆನೆಯೋಣ. ಕೆರೆಯ ಯಾವ ತೂಬಿನಿಂದ ಯಾವ ಕಾಲುವೆ, ಯಾವ ಕಾಲುವೆಯಿಂದ ಯಾರ ಗದ್ದೆ ಎಂಬುದು ಅವನಿಗೆ ಗೊತ್ತು. ತೂಬು ಕೆಟ್ಟರೆ ಯಾರ ಪೈರು ಒಣಗುತ್ತದೆ ಎಂದು ಅವನು ಮೊದಲೇ ಹೇಳಬಲ್ಲನು. ಗದ್ದೆಗೆ ನೀರು ಬಾರದಿದ್ದರೆ ಎಲ್ಲಿ ಹೋಗಿ ನೋಡಬೇಕೆಂಬುದನ್ನೂ ಹೇಳಬಲ್ಲನು.

ಕಂಪ್ಯೂಟರಿನಲ್ಲಿಯೂ ಹೀಗೆಯೇ. ಅಂಕಪಟ್ಟಿ ಕೊಡುವ ಒಂದು ವ್ಯವಸ್ಥೆಯಿದೆ ಎಂದು ಊಹಿಸಿರಿ. ಆ ವ್ಯವಸ್ಥೆ ಒಂದು ಸರ್ವರಿನ ಮೇಲೆ ನಡೆಯುತ್ತದೆ. ಅಂಕಗಳು ಒಂದು ಡೇಟಾಬೇಸಿನಲ್ಲಿವೆ. ಆ ಡೇಟಾಬೇಸ್ ‘ವಾಲ್ಯೂಮ್’ ಎಂಬ ಒಂದು ಪಾಲಿನಲ್ಲಿದೆ. ಆ ಪಾಲು ಹಲವು ಡಿಸ್ಕುಗಳ ಒಂದು ಗುಂಪಿನಲ್ಲಿದೆ. ಆ ಗುಂಪು ಒಂದು ಪೆಟ್ಟಿಗೆಯಲ್ಲಿದೆ. ಪೆಟ್ಟಿಗೆ ಒಂದು ಕೊಠಡಿಯಲ್ಲಿದೆ, ಕೊಠಡಿಗೆ ಒಂದು ವಿದ್ಯುತ್ ಮಾರ್ಗವಿದೆ. ಈ ಸರಪಳಿಯನ್ನು ಕೆಳಗಿನಿಂದ ಮೇಲಕ್ಕೆ ಓದಿದರೆ, ‘ಈ ಪೆಟ್ಟಿಗೆ ನಿಂತರೆ ಯಾರ ಕೆಲಸ ನಿಲ್ಲುತ್ತದೆ’ ಎಂಬುದು ತಿಳಿಯುತ್ತದೆ. ಮೇಲಿನಿಂದ ಕೆಳಕ್ಕೆ ಓದಿದರೆ, ‘ಅಂಕಪಟ್ಟಿ ಏಕೆ ಬರುತ್ತಿಲ್ಲ’ ಎಂಬುದಕ್ಕೆ ಕಾರಣ ಸಿಗುತ್ತದೆ.

ನೀರಗಂಟಿಯ ಜ್ಞಾನ ದೊಡ್ಡದು. ಆದರೆ ಅದು ಅವನ ತಲೆಯಲ್ಲಿದೆ. ಅವನು ಊರು ಬಿಟ್ಟರೆ ಅದೂ ಊರು ಬಿಟ್ಟಿತು. ಆದುದರಿಂದಲೇ ಬಲ್ಲವರು ಇರುವಾಗಲೇ ಬರೆದಿಡಬೇಕು.

೪. ನಮ್ಮ ಸೀಮೆಯ ಕಾಗದಗಳು

ಗಡಿನಾಡಿನವರಾದ ನಮಗೆ ಈ ಮಾತು ಹೊಸದಲ್ಲ. ೧೭೯೨ರ ಶ್ರೀರಂಗಪಟ್ಟಣದ ಒಪ್ಪಂದದಿಂದ ಬಾರಾಮಹಲ್ ಪ್ರಾಂತ ಕಂಪನಿಯ ಕೈಸೇರಿದಾಗ ಅಲೆಕ್ಸಾಂಡರ್ ರೀಡ್ ಮತ್ತು ಅವನ ಸಹಾಯಕನಾಗಿದ್ದ ಥಾಮಸ್ ಮನ್ರೋ ಅಲ್ಲಿಯ ನೆಲ, ಬೆಳೆ, ಕಂದಾಯಗಳನ್ನು ವಿವರವಾಗಿ ಬರೆಸಿದರು. ಆ ಕಾಗದಗಳು ನೂರು ವರ್ಷಕ್ಕೂ ಹೆಚ್ಚು ಕಾಲ ಉಳಿದು, ೧೯೦೭ರಿಂದ ‘ಬಾರಾಮಹಲ್ ದಾಖಲೆಗಳು’ ಎಂಬ ಸಂಪುಟಗಳಾಗಿ ಮದರಾಸಿನಲ್ಲಿ ಅಚ್ಚಾದವು. ಉಳಿದ ಕಾಗದ ಎಲ್ಲಿದೆ ಎಂದು ತಿಳಿದಿದ್ದುದರಿಂದಲೇ ಅಚ್ಚು ಮಾಡುವುದು ಸಾಧ್ಯವಾಯಿತು.

ಇನ್ನು ನಮ್ಮ ಜವಳಗಿರಿಯ ಮಾತು. ನಮ್ಮ ತಾತಂದಿರ ಕಾಲದಲ್ಲಿ ಈ ಊರು ಸೇಲಂ ಜಿಲ್ಲೆಯಲ್ಲಿತ್ತು. ೧೯೬೫ರಲ್ಲಿ ಧರ್ಮಪುರಿ ಜಿಲ್ಲೆಯಾಯಿತು. ೨೦೦೪ರಲ್ಲಿ ಕೃಷ್ಣಗಿರಿ ಜಿಲ್ಲೆಯಾಯಿತು. ಒಂದೇ ಮನೆತನದ ಹಳೆಯ ಕಾಗದದಲ್ಲಿ ಒಂದು ಜಿಲ್ಲೆ, ತಂದೆಯ ಕಾಗದದಲ್ಲಿ ಮತ್ತೊಂದು, ಮಕ್ಕಳ ಕಾಗದದಲ್ಲಿ ಮೂರನೆಯದು. ಹೊಲ ಒಂದು ಗೇಣೂ ಸರಿದಿಲ್ಲ, ಆದರೆ ಅದರ ಕಾಗದವನ್ನು ಹುಡುಕುವ ವಿಳಾಸ ಎರಡು ಸಲ ಬದಲಾಗಿದೆ. ಹೀಗೆ ವಿಳಾಸ ಬದಲಾದಾಗಲೆಲ್ಲ ಪಟ್ಟಿಯೂ ತಿದ್ದಲ್ಪಡಬೇಕು. ತಿದ್ದದ ಪಟ್ಟಿ ನಮ್ಮನ್ನು ಬೇರೆ ಊರಿನ ಬಾಗಿಲಿಗೆ ಕಳುಹಿಸುತ್ತದೆ.

೫. ದೀಪದ ಕೆಳಗಿನ ಕತ್ತಲೆ

ಈಗ ದೂರದ ಒಂದು ದೇಶದಲ್ಲಿ ನಡೆದ ಸಂಗತಿಯನ್ನು ಹೇಳುತ್ತೇನೆ. ದಕ್ಷಿಣ ಕೊರಿಯಾ ಕಂಪ್ಯೂಟರ್ ವಿದ್ಯೆಯಲ್ಲಿ ಬಹಳ ಮುಂದುವರಿದ ರಾಷ್ಟ್ರ. ಅದರ ಸರ್ಕಾರದ ದೊಡ್ಡ ದತ್ತಾಂಶ ಕೇಂದ್ರವೊಂದು ಡೇಜಾನ್ ನಗರದಲ್ಲಿದೆ. ೨೦೨೫ರ ಸೆಪ್ಟೆಂಬರ್ ೨೬ರ ರಾತ್ರಿ ಅಲ್ಲಿ ಲಿಥಿಯಂ ಬ್ಯಾಟರಿಗಳನ್ನು ಬೇರೆಡೆಗೆ ಸಾಗಿಸುವ ಕೆಲಸ ನಡೆಯುತ್ತಿದ್ದಾಗ ಬೆಂಕಿ ಹೊತ್ತಿಕೊಂಡಿತು. ಆರಿಸಲು ಸುಮಾರು ೨೨ ಗಂಟೆ ಹಿಡಿಯಿತು. ಅಂಚೆ, ಗುರುತಿನ ಚೀಟಿ ಮೊದಲಾದ ನೂರಾರು ಸೇವೆಗಳು ನಿಂತುಹೋದವು.

ನಿಂತುಹೋದ ವ್ಯವಸ್ಥೆಗಳೆಷ್ಟು? ಮೊದಲು ಸರ್ಕಾರ ೬೪೭ ಎಂದು ಹೇಳಿತು. ಸುಮಾರು ಎರಡು ವಾರಗಳ ಬಳಿಕ ಅದನ್ನು ತಿದ್ದಿ ೭೦೯ ಎಂದಿತು. ಎಣಿಕೆ ಏಕೆ ತಪ್ಪಿತು? ಆ ಕೇಂದ್ರದ ಸಕಲ ವ್ಯವಸ್ಥೆಗಳ ಪಟ್ಟಿಯನ್ನಿಟ್ಟುಕೊಂಡಿದ್ದ ನಿರ್ವಹಣಾ ತಂತ್ರಾಂಶವೂ ಆ ಅವಘಡದಲ್ಲಿಯೇ ನಿಂತುಹೋಗಿತ್ತು. ಅದು ಮತ್ತೆ ಎದ್ದು ನಿಂತ ಮೇಲೆಯೇ ನಿಜವಾದ ಸಂಖ್ಯೆ ತಿಳಿದುದು. ಏನೇನು ಕೆಟ್ಟಿದೆ ಎಂದು ಹೇಳಬೇಕಾದ ಪುಸ್ತಕ ಕೆಟ್ಟ ಮನೆಯೊಳಗೇ ಇತ್ತು. ದೀಪದ ಕೆಳಗೆ ಕತ್ತಲೆ ಎಂಬ ಗಾದೆಗೆ ಇದಕ್ಕಿಂತ ಬೇರೆ ನಿದರ್ಶನ ಬೇಕೆ?

ಇನ್ನೂ ದುಃಖದ ಸಂಗತಿಯಿದೆ. ಸರ್ಕಾರಿ ನೌಕರರು ತಮ್ಮ ಕಡತಗಳನ್ನಿಡುತ್ತಿದ್ದ ‘ಜಿ-ಡ್ರೈವ್’ ಎಂಬ ಸಂಗ್ರಹ ಪೂರ್ತಿ ಸುಟ್ಟುಹೋಯಿತು. ಅದರಲ್ಲಿದ್ದುದು ೮೫೮ ಟೆರಾಬೈಟ್. ಗಾತ್ರ ಬಹಳ ದೊಡ್ಡದೆಂಬ ಕಾರಣದಿಂದ ಅದರ ಪ್ರತಿಯನ್ನು ಬೇರೆಡೆ ಇಟ್ಟಿರಲಿಲ್ಲ. ಈ ಗಾತ್ರವನ್ನು ನಾವೇ ಲೆಕ್ಕ ಹಾಕೋಣ. ಕಂಪ್ಯೂಟರಿನಲ್ಲಿ ಕನ್ನಡದ ಒಂದು ಸಂಕೇತಕ್ಕೆ ಸಾಮಾನ್ಯವಾಗಿ ೩ ಬೈಟ್ ಬೇಕು. ‘ಕ’ ಎಂದರೆ ೩ ಬೈಟ್. ‘ಕಾ’ ಎಂದರೆ ಅಕ್ಷರ ಮತ್ತು ದೀರ್ಘ ಸೇರಿ ೬ ಬೈಟ್. ಪುಟಕ್ಕೆ ೧,೫೦೦ ಸಂಕೇತಗಳೆಂದರೆ ೪,೫೦೦ ಬೈಟ್. ಒಂದು ಟೆರಾಬೈಟ್ ಎಂದರೆ ಒಂದು ಲಕ್ಷ ಕೋಟಿ ಬೈಟ್. ಭಾಗಿಸಿ ನೋಡಿರಿ, ಸುಮಾರು ೧೯,೦೦೦ ಕೋಟಿ ಪುಟಗಳಾಗುತ್ತವೆ! ‘ಪ್ರತಿ ಎಲ್ಲಿದೆ?’ ಎಂಬ ಕಲಮಿನಲ್ಲಿ ‘ಇಲ್ಲ’ ಎಂಬ ಎರಡಕ್ಷರವಿದ್ದರೆ ಅದನ್ನು ಓದಿ ಬೆಚ್ಚಬೇಕಾದುದು ಬೆಂಕಿಗೆ ಮುಂಚೆ. ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಫಲವಿಲ್ಲ.

೬. ಪಟ್ಟಿಯನ್ನು ಪರೀಕ್ಷಿಸುವುದು

ಪಟ್ಟಿಯಿದೆ ಎಂದ ಮಾತ್ರಕ್ಕೆ ನಿಶ್ಚಿಂತೆಯಿಂದಿರಲಾಗದು. ಗಿಟ್‌ಲ್ಯಾಬ್ ಎಂಬ ವಿದೇಶೀ ಸಂಸ್ಥೆಯಲ್ಲಿ ೨೦೧೭ರ ಜನವರಿ ೩೧ರಂದು ನೌಕರನೊಬ್ಬನು ಬೇರೆ ಸರ್ವರೆಂದು ತಿಳಿದು ಮುಖ್ಯ ಸರ್ವರಿನ ದತ್ತಾಂಶವನ್ನೇ ಅಳಿಸಿಬಿಟ್ಟನು. ಪ್ರತಿ ತೆಗೆಯುವುದಕ್ಕೆ ಹಲವು ಏರ್ಪಾಡುಗಳಿದ್ದುವು. ಆದರೆ ಅಗತ್ಯ ಬಿದ್ದಾಗ ಅವು ಕೈಕೊಟ್ಟವು. ಸುಮಾರು ಆರು ಗಂಟೆ ಮೊದಲು ತೆಗೆದಿದ್ದ ಒಂದು ಪ್ರತಿ ಅದೃಷ್ಟವಶಾತ್ ಉಳಿದಿದ್ದುದರಿಂದ ಮಿಕ್ಕದ್ದು ದಕ್ಕಿತು. ಆ ಸಂಸ್ಥೆ ಇದನ್ನು ಮುಚ್ಚಿಡದೆ ಲೋಕಕ್ಕೆಲ್ಲ ತಿಳಿಸಿತು. ಅದು ಮೆಚ್ಚತಕ್ಕ ಗುಣ.

ಶಾಲೆಗಳಲ್ಲಿ ವರ್ಷಕ್ಕೊಮ್ಮೆ ದಾಸ್ತಾನು ಪರಿಶೀಲನೆ ನಡೆಯುವುದು ಇದಕ್ಕಾಗಿಯೇ. ಪುಸ್ತಕದಲ್ಲಿ ಹತ್ತು ಭೂಪಟವೆಂದಿದ್ದರೆ ಹತ್ತನ್ನೂ ಬಿಚ್ಚಿ ನೋಡಬೇಕು. ಕಂಪ್ಯೂಟರ್ ಕೋಣೆಯಲ್ಲಿ ಈ ಎಣಿಕೆಯನ್ನು ತಂತ್ರಾಂಶವೇ ದಿನದಿನವೂ ಮಾಡಬಲ್ಲದು. ಅದು ಜಾಲದಲ್ಲಿ ಸುತ್ತಿ, ಕಂಡ ವಸ್ತುಗಳ ಕ್ರಮಸಂಖ್ಯೆಯನ್ನು ತಂದು ಪಟ್ಟಿಯೊಡನೆ ಹೋಲಿಸುತ್ತದೆ. ಆದರೆ ಆ ಪೆಟ್ಟಿಗೆ ಯಾರ ಉಪಯೋಗಕ್ಕೆ, ಯಾರ ಹೊಣೆಗೆ ಎಂಬುದು ಯಂತ್ರಕ್ಕೆ ತಿಳಿಯದು. ಅದನ್ನು ಮನುಷ್ಯನೇ ಬರೆಯಬೇಕು. ಹಳೆಯ ಡಿಸ್ಕನ್ನು ಗುಜರಿಗೆ ಹಾಕುವಾಗ ಅದರಲ್ಲಿದ್ದುದನ್ನು ಪೂರ್ತಿ ಅಳಿಸಿ, ಅಳಿಸಿದ ದಿನಾಂಕವನ್ನೂ ಬರೆಯಬೇಕು. ಇಲ್ಲದಿದ್ದರೆ ಇತರರ ಗುಟ್ಟು ಗುಜರಿ ಅಂಗಡಿಯ ಪಾಲಾಗುತ್ತದೆ.

೭. ಪೋಷಕರಿಗೆ ಎರಡು ಮಾತು

ಮಾನ್ಯ ಪೋಷಕರೇ, ಇದು ದೊಡ್ಡ ಕಚೇರಿಗಳ ವಿಷಯವೆಂದು ಪುಟ ತಿರುವಬೇಡಿ. ಪಟ್ಟಾ, ಕ್ರಯಪತ್ರ, ಜನನ ಪತ್ರ, ಜಾತಿ ಪ್ರಮಾಣಪತ್ರ, ಪಡಿತರ ಚೀಟಿ, ಮಕ್ಕಳ ವರ್ಗಾವಣೆ ಪತ್ರ ಇವು ನಿಮ್ಮ ಮನೆಯಲ್ಲಿಯೂ ಇವೆ. ಕೆಲವು ಟ್ರಂಕಿನಲ್ಲಿ, ಕೆಲವು ಅಣ್ಣನ ಮನೆಯಲ್ಲಿ, ಕೆಲವು ಬೆಂಗಳೂರಿಗೆ ಕೆಲಸಕ್ಕೆ ಹೋಗುವ ಮಗನ ಮೊಬೈಲಿನಲ್ಲಿ ಇರಬಹುದು. ಒಂದು ನೋಟುಪುಸ್ತಕದಲ್ಲಿ ನಾಲ್ಕು ಕಲಮು ಎಳೆಯಿರಿ: ಕಾಗದದ ಹೆಸರು ಮತ್ತು ಸಂಖ್ಯೆ, ಮೂಲಪ್ರತಿ ಇರುವ ಸ್ಥಳ, ನಕಲು ಇರುವ ಸ್ಥಳ, ನೋಡಿ ಪರೀಕ್ಷಿಸಿದ ದಿನಾಂಕ. ಗುಪ್ತಪದಗಳನ್ನು ಮಾತ್ರ ಇದರಲ್ಲಿ ಬರೆಯಬೇಡಿ. ಈ ಪುಟದ ಒಂದು ಪ್ರತಿಯನ್ನು ಟ್ರಂಕಿನಲ್ಲಿಡದೆ, ನಂಬಿಕೆಯ ನೆಂಟರ ಮನೆಯಲ್ಲಿಡಿ. ಮನೆಯ ಯಜಮಾನನಿಗೆ ಮಾತ್ರವಲ್ಲದೆ ಯಜಮಾನಿಗೂ, ಓದುಬಲ್ಲ ಮಗಳಿಗೂ ಮಗನಿಗೂ ಅದು ತಿಳಿದಿರಲಿ. ಮನೆಯ ಹಿರಿಯರು ಇದ್ದಕ್ಕಿದ್ದಂತೆ ಇಲ್ಲವಾದಾಗ, ಕಾಗದವಿದ್ದೂ ಎಲ್ಲಿದೆ ಎಂದು ತಿಳಿಯದೆ ಕಚೇರಿಯಿಂದ ಕಚೇರಿಗೆ ಅಲೆಯುವ ತಾಯಂದಿರ ಕಷ್ಟ ಕಂಡವರಿಗೆ ಈ ಒಂದು ಪುಟದ ಬೆಲೆ ತಿಳಿದೀತು.

ಅಭ್ಯಾಸ

೧. ಬರಿಯ ಪಟ್ಟಿಗೂ ಜೋಡಣೆಯ ದಾಸ್ತಾನಿಗೂ ಇರುವ ವ್ಯತ್ಯಾಸವನ್ನು ನೀರಗಂಟಿಯ ಉದಾಹರಣೆಯಿಂದ ವಿವರಿಸಿರಿ.

೨. ವಸ್ತುವನ್ನು ಗುರುತಿಸಲು ಹೆಸರಿಗಿಂತ ಕಾರ್ಖಾನೆಯ ಕ್ರಮಸಂಖ್ಯೆ ಏಕೆ ಮೇಲು?

೩. ‘ಕ್ಷ’ ಎಂಬ ಅಕ್ಷರದಲ್ಲಿ ಕ, ಒತ್ತು ಮೂಡಿಸುವ ವಿರಾಮ ಚಿಹ್ನೆ, ಷ ಎಂಬ ಮೂರು ಸಂಕೇತಗಳಿವೆ. ಅದಕ್ಕೆ ಎಷ್ಟು ಬೈಟ್ ಬೇಕು?

೪. ನಿಮ್ಮ ತರಗತಿಯ ಬೀರುವಿನಲ್ಲಿರುವ ವಸ್ತುಗಳಿಗೆ ದಾಸ್ತಾನು ಬರೆಯಿರಿ. ಒಂದು ತಿಂಗಳ ನಂತರ ಮತ್ತೆ ಎಣಿಸಿ, ಏನೇನು ಬದಲಾಗಿದೆ ಎಂಬುದನ್ನು ಕೆಂಪು ಶಾಯಿಯಲ್ಲಿ ತಿದ್ದಿರಿ.

೫. ಮನೆಯವರೊಡನೆ ಕುಳಿತು ನಾಲ್ಕು ಕಲಮಿನ ಪುಟವನ್ನು ಸಿದ್ಧಪಡಿಸಿರಿ. ಅದನ್ನು ಶಾಲೆಗೆ ತರಬೇಡಿರಿ. ಸಿದ್ಧವಾಯಿತೆಂದು ಹೇಳಿದರೆ ಸಾಕು.