ದೀಪ ಹಿಡಿದ ದಾದಿ, ಮರೆತುಹೋದ ಚರಂಡಿ

ರಾಮಾಯಣದ ರಣಭೂಮಿಯಲ್ಲಿ ಲಕ್ಷ್ಮಣನು ಮೂರ್ಛೆಹೋದಾಗ ಸಂಜೀವಿನಿಯನ್ನು ತಂದವನಾರೆಂದು ಕೇಳಿದರೆ ಮಗುವೂ ಹನುಮಂತನೆನ್ನುತ್ತದೆ. ಮೂಲಿಕೆಯ ಗುಣವನ್ನರಿತು ಚಿಕಿತ್ಸೆ ಮಾಡಿದ ವೈದ್ಯನ ಹೆಸರು ಸುಷೇಣನೆಂದು ಬಲ್ಲವರು ವಿರಳ. ಗಿಡವನ್ನು ಗುರುತಿಸಲಾರದೆ ಬೆಟ್ಟವನ್ನೇ ಹೊತ್ತುತಂದ ಸಾಹಸವು ಜನಮನದಲ್ಲಿ ನಿಂತಿತು. ಗುರುತಿಸಿದ ವಿದ್ಯೆ ಮರೆಗೆ ಸರಿಯಿತು. ಮಸೂರವು ಕಿರಣಗಳನ್ನು ಒಂದೇ ಬಿಂದುವಿನಲ್ಲಿ ಕೂಡಿಸುವಂತೆ ವೀರಗಾಥೆಯು ಅನೇಕರ ಕೆಲಸವನ್ನು ಒಬ್ಬರಲ್ಲಿ ಕೂಡಿಸಿಬಿಡುತ್ತದೆ. ಸಂಸ್ಥೆಯೊಂದು ತನ್ನ ಬಗ್ಗೆ ಯಾವ ಕಥೆಯನ್ನು ಹೇಳಿಕೊಳ್ಳುತ್ತದೆಯೋ ಆ ಕಥೆಯಿಂದಲೇ ತನ್ನವರ ಕರ್ತವ್ಯವನ್ನೂ ಅಳೆಯುತ್ತದೆ. ವೈದ್ಯಕೀಯ ಸಂಸ್ಥೆಗಳಲ್ಲಿ ಇದು ಬಲು ಸ್ಪಷ್ಟ.

ನಮ್ಮ ನರ್ಸಿಂಗ್ ಕಾಲೇಜುಗಳಲ್ಲಿ ನಡೆಯುವ ದೀಪ ಬೆಳಗುವ ಸಮಾರಂಭವನ್ನು ವಾಚಕರಲ್ಲಿ ಕೆಲವರಾದರೂ ಕಂಡಿರಬಹುದು. ಬರಗೂರಿನಂಥ ಊರುಗಳಿಂದ ತುಮಕೂರಿಗೋ ಬೆಂಗಳೂರಿಗೋ ಹೋಗಿ ಸೇರಿದ ವಿದ್ಯಾರ್ಥಿನಿಯರು ಉರಿಯುವ ದೀಪವನ್ನು ಹಿಡಿದು ಸಾಲಾಗಿ ನಿಂತು, ಫ್ಲಾರೆನ್ಸ್ ನೈಟಿಂಗೇಲಳ ಹೆಸರಿನ ಪ್ರತಿಜ್ಞೆಯನ್ನು ಪಠಿಸುತ್ತಾರೆ. ಅದು ಆಕೆ ಬರೆದುದಲ್ಲ. 1893ರಲ್ಲಿ ಅಮೆರಿಕದ ಡೆಟ್ರಾಯಿಟ್ ನಗರದ ದಾದಿಯರ ಶಾಲೆಯೊಂದರಲ್ಲಿ ರಚಿತವಾದುದು. ವೈದ್ಯನ ಕಾರ್ಯದಲ್ಲಿ ನಿಷ್ಠೆಯಿಂದ ನೆರವಾಗುವೆನೆಂಬ ಮಾತು ಅದರ ಮೂಲರೂಪದಲ್ಲಿದೆ. ಚರಂಡಿ ಕೆಟ್ಟಿದ್ದರೆ ಅಧಿಕಾರಿಗಳ ಮುಂದೆ ನಿಂತು ಹೇಳುವೆನೆಂಬ ಮಾತಿಲ್ಲ.

ನಿಜವಾದ ನೈಟಿಂಗೇಲಳು ಮಾಡಿದ್ದು ಅದನ್ನೇ. ಕ್ರಿಮಿಯಾ ಯುದ್ಧಕಾಲದಲ್ಲಿ, 1854ರ ನವೆಂಬರಿನಲ್ಲಿ, ಆಕೆ ತುರ್ಕಿಯ ಸ್ಕುಟಾರಿಯ ಸೈನಿಕ ಆಸ್ಪತ್ರೆಗೆ ಬಂದಳು. ಶುಶ್ರೂಷೆ ಎಷ್ಟೇ ಶ್ರದ್ಧೆಯಿಂದ ನಡೆದರೂ ಆ ಚಳಿಗಾಲದಲ್ಲಿ ಸಾವು ಏರುತ್ತಲೇ ಹೋಯಿತು. 1855ರ ಮಾರ್ಚಿನಲ್ಲಿ ಬ್ರಿಟನ್ನಿನಿಂದ ಬಂದ ನೈರ್ಮಲ್ಯ ಆಯೋಗವು ಚರಂಡಿಗಳನ್ನು ಶುಚಿಮಾಡಿಸಿ, ಕೋಣೆಗಳಲ್ಲಿ ಗಾಳಿಯಾಡುವಂತೆ ಏರ್ಪಡಿಸಿತು. ಫೆಬ್ರವರಿಯಲ್ಲಿ ಶೇಕಡಾ 42ರಷ್ಟಿದ್ದ ಮರಣಪ್ರಮಾಣವು ಜೂನ್ ವೇಳೆಗೆ ಶೇಕಡಾ 2ರ ಸಮೀಪಕ್ಕೆ ಇಳಿಯಿತು. ಸ್ವದೇಶಕ್ಕೆ ಮರಳಿದ ಆಕೆ ಅಂಕಿಗಳನ್ನು ಕಲೆಹಾಕಿ, ವೃತ್ತಖಂಡಗಳ ಚಿತ್ರಗಳನ್ನಾಗಿ ರೂಪಿಸಿ, 1858ರಲ್ಲಿ ಅಧಿಕಾರಿಗಳ ಮುಂದಿಟ್ಟಳು. ಯುದ್ಧದ ಗಾಯಗಳಿಗಿಂತ ತಡೆಯಬಹುದಾಗಿದ್ದ ರೋಗಗಳಿಂದಲೇ ಹೆಚ್ಚು ಸೈನಿಕರು ಸತ್ತರೆಂಬುದು ಒಂದೇ ನೋಟಕ್ಕೆ ತಿಳಿಯುವಂತಾಯಿತು. ಆದರೆ ಲೋಕಕ್ಕೆ ಪ್ರಿಯವಾದದ್ದು 1857ರಲ್ಲಿ ಲಾಂಗ್‌ಫೆಲೋ ಕವಿಯ ಪದ್ಯದಲ್ಲಿ ಬೆಳಗಿದ ದೀಪ. (ಆ ದೀಪವಾದರೂ ಅನೇಕ ಚಿತ್ರಗಳಲ್ಲಿ ಕಾಣುವ ಅಲ್ಲಾದೀನನ ದೀಪವಲ್ಲ, ಮಡಿಚಬಹುದಾದ ತುರ್ಕಿ ಲಾಂದ್ರ!)

ಇದರ ಪರಿಣಾಮ ಅಲ್ಪವೆಂದು ಭಾವಿಸತಕ್ಕದ್ದಲ್ಲ. ತ್ಯಾಗವನ್ನೇ ಆದರ್ಶವಾಗಿ ಹೊಗಳುವ ಸಂಸ್ಥೆಗೆ ಸಿಬ್ಬಂದಿಯ ಕೊರತೆಯೂ ತ್ಯಾಗದ ಸದವಕಾಶವಾಗಿ ತೋರುತ್ತದೆ. ಒಬ್ಬಳೇ ದಾದಿ ಇಡೀ ರಾತ್ರಿ ವಾರ್ಡನ್ನು ನಿಭಾಯಿಸಿದರೆ ಆಕೆಗೆ ಪ್ರಶಂಸೆ ದೊರೆಯುತ್ತದೆ, ಎರಡನೆಯ ದಾದಿ ದೊರೆಯುವುದಿಲ್ಲ.

2020ರ ಸಾಂಕ್ರಾಮಿಕದ ಕಾಲದಲ್ಲಿ ಆರೋಗ್ಯ ಸಿಬ್ಬಂದಿಯನ್ನು ಕೊರೋನಾ ಯೋಧರೆಂದು ಕರೆದು, ದೇಶದ ಆಸ್ಪತ್ರೆಗಳ ಮೇಲೆ ಆಕಾಶದಿಂದ ಹೂಮಳೆ ಸುರಿಸಲಾಯಿತು. ಯೋಧನೆಂದ ಮೇಲೆ ಆತ ಸಾವಿಗೆ ಸಿದ್ಧನಾಗಿರಬೇಕೆಂಬ ನಿರೀಕ್ಷೆಯೂ ಆ ಬಿರುದಿನೊಡನೆ ಬರುತ್ತದೆ. ನಮ್ಮ ಹಳ್ಳಿಗಳಲ್ಲಿ ಮನೆಮನೆಗೆ ಹೋಗಿ ಜ್ವರದವರನ್ನು ಗುರುತಿಸಿ ಲೆಕ್ಕವಿಟ್ಟವರು ಆಶಾ ಕಾರ್ಯಕರ್ತೆಯರು. ಅವರಿಗೆ ಸಲ್ಲುವ ಹಣಕ್ಕೆ ಸಂಬಳವೆಂಬ ಹೆಸರಿಲ್ಲ, ಗೌರವಧನವೆನ್ನುತ್ತಾರೆ. ಅದೇ ವರ್ಷದ ಜುಲೈನಲ್ಲಿ ರಾಜ್ಯದ ಆಶಾ ಕಾರ್ಯಕರ್ತೆಯರು ತಿಂಗಳಿಗೆ 12,000 ರೂಪಾಯಿಗಳನ್ನೂ ಸೋಂಕಿನಿಂದ ರಕ್ಷಣೆಗೆ ಬೇಕಾದ ಸಾಮಗ್ರಿಗಳನ್ನೂ ಕೇಳಿ ಕೆಲಸವನ್ನು ನಿಲ್ಲಿಸಿದರು.