ಸಣ್ಣ ಇಂಜಿನ್ನುಗಳಿಗೆ ಸೋರದ ಇಂಧನ ಜೋಡಣೆ: ಮಾದರಿ ಜೆಟ್ ವಿಮಾನದಿಂದ ಅಡಿಕೆ ತೋಟಕ್ಕೊಂದು ಪಾಠ

ಶಿರಸಿ, ಸಿದ್ದಾಪುರ ಹಾಗೂ ಯಲ್ಲಾಪುರ ತಾಲೂಕುಗಳ ವಾಣಿಜ್ಯ ವ್ಯವಹಾರವು ಬಹುಮಟ್ಟಿಗೆ ಅಡಿಕೆಯನ್ನು ಅವಲಂಬಿಸಿದೆ. ಈ ಮೂರು ತಾಲೂಕುಗಳ ಅಡಿಕೆಗೆ 2019ರಲ್ಲಿ ‘ಶಿರಸಿ ಸುಪಾರಿ’ ಎಂಬ ಹೆಸರಿನಲ್ಲಿ ಭೌಗೋಳಿಕ ಸೂಚಕ ಮಾನ್ಯತೆಯೂ ದೊರೆತಿದೆ. ಇಂತಹ ಬೆಳೆಯನ್ನು ಕಾಪಾಡುವ ಕೆಲಸದಲ್ಲಿ ಸಣ್ಣ ಪೆಟ್ರೋಲ್ ಇಂಜಿನ್ನುಗಳ ಪಾತ್ರ ದೊಡ್ಡದು. ಕೊಳೆರೋಗದ ವಿರುದ್ಧ ಬೋರ್ಡೋ ದ್ರಾವಣ ಸಿಂಪಡಿಸುವ ಪಂಪು, ಕಳೆ ಕೊಚ್ಚುವ ಯಂತ್ರ, ಮರ ಕೊಯ್ಯುವ ಗರಗಸ ಯಂತ್ರ ಇವೆಲ್ಲವೂ ಅವುಗಳಿಂದಲೇ ನಡೆಯುತ್ತವೆ. ಮಳೆ ಬಿಡುವು ಕೊಟ್ಟ ಒಂದೆರಡು ದಿನಗಳಲ್ಲಿ ಸಿಂಪಡಣೆ ಮುಗಿಯಬೇಕಾದಾಗ ಅಂಗೈ ಉದ್ದದ ಇಂಧನ ಕೊಳವೆಯೊಂದು ಬಿರಿದರೆ ಕೊನೆಗೌಡನ ದಿನಗೂಲಿ, ಕಲಸಿಟ್ಟ ದ್ರಾವಣ, ಸಿಕ್ಕ ಬಿಸಿಲು ಎಲ್ಲವೂ ವ್ಯರ್ಥವಾಗುತ್ತವೆ. ಆದುದರಿಂದ ಸೋರಿಕೆಯ ಕಾರಣ ಹಾಗೂ ಪರಿಹಾರವನ್ನು ಯಂತ್ರ ಮಾರುವವರೂ ದುರಸ್ತಿ ಮಾಡುವವರೂ ಕ್ರಮವಾಗಿ ತಿಳಿದಿರುವುದು ಅವಶ್ಯ.

ಸೋರಿಕೆಯ ಬೆಲೆ

ಸೆಕೆಂಡಿಗೆ ಒಂದು ಹನಿಯಂತೆ ಪೆಟ್ರೋಲ್ ಸೋರುತ್ತಿದೆ ಎಂದು ಭಾವಿಸೋಣ. 40 ಹನಿಗೆ ಒಂದು ಮಿಲಿಲೀಟರ್ ಎಂದು ಹಿಡಿದರೂ ಗಂಟೆಗೆ 90 ಮಿ.ಲೀ., ಎಂಟು ಗಂಟೆಯ ದಿನಕ್ಕೆ 720 ಮಿ.ಲೀ. ನಷ್ಟವಾಗುತ್ತದೆ. 20 ದಿನಗಳ ಕೆಲಸಕ್ಕೆ ಇದು 14 ಲೀಟರ್ ಮೀರುತ್ತದೆ. ಹಣದ ನಷ್ಟಕ್ಕಿಂತ ಅಪಾಯ ದೊಡ್ಡದು. ಪೆಟ್ರೋಲ್ ಶೂನ್ಯಕ್ಕಿಂತ ಬಹಳ ಕೆಳಗಿನ ಉಷ್ಣತೆಯಲ್ಲಿಯೂ ಹೊತ್ತಿಕೊಳ್ಳಬಲ್ಲ ಆವಿಯನ್ನು ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರವಾದುದರಿಂದ ನೆಲಮಟ್ಟದಲ್ಲಿಯೇ ಹರಡಿ ನಿಲ್ಲುತ್ತದೆ. ಕಳೆ ಕೊಚ್ಚುವ ಯಂತ್ರದಲ್ಲಿ ಟ್ಯಾಂಕಿಗೂ ಕಾದ ಸೈಲೆನ್ಸರಿಗೂ ನಡುವೆ ಇರುವುದು ಕೆಲವೇ ಅಂಗುಲಗಳ ಅಂತರ. ಯಂತ್ರವಿರುವುದು ಕೆಲಸಗಾರನ ಮೈಗೆ ತಾಗಿಕೊಂಡು.

ಮಾದರಿ ಜೆಟ್ ವಿಮಾನದ ಪದ್ಧತಿ

ಈ ವಿಷಯದಲ್ಲಿ ಅತಿ ಹೆಚ್ಚು ಎಚ್ಚರ ವಹಿಸುವವರು ರೇಡಿಯೋ ನಿಯಂತ್ರಿತ ಮಾದರಿ ಜೆಟ್ ವಿಮಾನಗಳ ಹವ್ಯಾಸಿಗಳು. ಅವರ ಪುಟ್ಟ ಟರ್ಬೈನ್ ನಿಮಿಷಕ್ಕೆ ಒಂದು ಲಕ್ಷಕ್ಕೂ ಮೀರಿ ಸುತ್ತುತ್ತದೆ. ಸೀಮೆಎಣ್ಣೆಯ ಜಾತಿಯ ಇಂಧನಕ್ಕೆ ಸ್ವಲ್ಪ ಪ್ರಮಾಣದಲ್ಲಿ ಟರ್ಬೈನ್ ಎಣ್ಣೆ ಬೆರೆಸಿ ಅದನ್ನು ಓಡಿಸುತ್ತಾರೆ. ಕೊಳವೆಯಲ್ಲಿ ದೊಡ್ಡದೊಂದು ಗಾಳಿಗುಳ್ಳೆ ಬಂದರೂ ಜ್ವಾಲೆ ಆರಿ ವಿಮಾನ ನೆಲಕ್ಕೆ ಬೀಳಬಹುದು. ಆದ್ದರಿಂದ ಅವರು ಮೂರು ನಿಯಮಗಳನ್ನು ಪಾಲಿಸುತ್ತಾರೆ. ಮೊದಲನೆಯದಾಗಿ, ಟ್ಯಾಂಕಿನೊಳಗಿನ ಹೀರುಕೊಳವೆಯ ತುದಿಗೆ ತೂಕದ ಗುಂಡು ಇರುತ್ತದೆ. ವಿಮಾನ ಎತ್ತ ವಾಲಿದರೂ ಅದು ಇಂಧನದಲ್ಲಿಯೇ ಮುಳುಗಿರುತ್ತದೆ. ಎರಡನೆಯದಾಗಿ, ಮುಖ್ಯ ಟ್ಯಾಂಕಿಗೂ ಪಂಪಿಗೂ ನಡುವೆ ಗಾಳಿಯನ್ನು ತಡೆಹಿಡಿಯುವ ಇನ್ನೊಂದು ಚಿಕ್ಕ ಟ್ಯಾಂಕ್ ಇರುತ್ತದೆ. ಮೂರನೆಯದಾಗಿ, ಇಂಧನವನ್ನು ಮೇಲಿನಿಂದ ಸುರಿಯುವುದಿಲ್ಲ. ಮುಚ್ಚಿದ ಕೊಳವೆಯ ಮೂಲಕ ಪಂಪಿನಿಂದ ತುಂಬಿ, ಹೆಚ್ಚಾದುದನ್ನು ಇನ್ನೊಂದು ಕೊಳವೆಯಿಂದ ಬಾಟಲಿಗೆ ಹಿಡಿಯುತ್ತಾರೆ.

ಕಳೆ ಕೊಚ್ಚುವ ಯಂತ್ರದ ಟ್ಯಾಂಕಿನಲ್ಲಿಯೂ ಇದೇ ಬಗೆಯ ಹೀರುಕೊಳವೆ ಇದೆ. ಹೀರುವ ಕೊಳವೆ ಬಿರಿದಲ್ಲಿ ಇಂಧನ ಹೊರಬರುವ ಮೊದಲೇ ಗಾಳಿ ಒಳನುಗ್ಗುತ್ತದೆ. ಇಂಜಿನ್ ಅದುರಿ ನಿಲ್ಲುವುದಕ್ಕೆ ಕಾರ್ಬುರೇಟರನ್ನು ದೂರುವ ಮೊದಲು ಕೊಳವೆಯನ್ನು ನೋಡಬೇಕೆಂಬುದು ಇದರ ಅರ್ಥ.

ಕೊಳವೆಯ ಆಯ್ಕೆ

ಸೋರಿಕೆ ಹೆಚ್ಚಾಗಿ ಇಂಜಿನ್ನಿನ ದೋಷವಲ್ಲ, ಜೋಡಣೆಯ ದೋಷ. ಇಂಧನಕ್ಕೆ ತಕ್ಕ ಕೊಳವೆ ಇಲ್ಲದಿರುವುದೇ ಅದರ ಮುಖ್ಯ ಕಾರಣ. ನಮ್ಮ ದೇಶದ ಪೆಟ್ರೋಲಿನಲ್ಲಿ ಎಥೆನಾಲ್ ಬೆರಕೆ 2022ರಲ್ಲಿ ಶೇ. 10ಕ್ಕೂ, 2025ರಲ್ಲಿ ಶೇ. 20ಕ್ಕೂ ಏರಿದೆ. ಹಳೆಯ ಯಂತ್ರಗಳ ರಬ್ಬರ್ ಭಾಗಗಳು ಇದರಿಂದ ಉಬ್ಬಿ ಮೆತ್ತಗಾಗುವುದು ಅಥವಾ ಬಿರಿಯುವುದು ಸಾಧ್ಯ.

ಸಾದಾ ಪಾರದರ್ಶಕ ಪ್ಲಾಸ್ಟಿಕ್ ಕೊಳವೆ ಪೆಟ್ರೋಲಿನಲ್ಲಿ ಕೆಲವೇ ವಾರಗಳಲ್ಲಿ ಗಡುಸಾಗಿ ಹಿಡಿತ ಬಿಡುತ್ತದೆ. ಸಿಲಿಕಾನ್ ಕೊಳವೆ ಮೆಥೆನಾಲ್ ಇಂಧನದ ಮಾದರಿ ಇಂಜಿನ್ನಿಗೆ ಸರಿ. ಪೆಟ್ರೋಲ್, ಸೀಮೆಎಣ್ಣೆಗಳಲ್ಲಿ ಅದು ಉಬ್ಬುತ್ತದೆ. ಮಾದರಿ ಟರ್ಬೈನಿಗೆ ಬಳಸುವ ಪಾಲಿಯುರೆಥೇನ್ ಕೊಳವೆಯನ್ನು ಎಥೆನಾಲ್ ಬೆರೆತ ಪೆಟ್ರೋಲಿಗೆ ತಯಾರಕರ ಖಾತ್ರಿಯಿಲ್ಲದೆ ಹಾಕಬಾರದು. ಪೆಟ್ರೋಲಿಗೆಂದೇ ತಯಾರಾದ ನೈಟ್ರೈಲ್ ರಬ್ಬರ್ ಸಾಮಾನ್ಯ ಬಳಕೆಗೆ ಸಾಕು. ಎಥೆನಾಲ್ ಬೆರಕೆಗೆ ವೈಟಾನ್ ಜಾತಿಯ ಫ್ಲೋರೋರಬ್ಬರ್ ಹೆಚ್ಚು ಬಾಳುತ್ತದೆ. ಕೊಳವೆಯ ಒಳ ಅಳತೆ ನಿಪ್ಪಲ್ಲಿಗಿಂತ ತುಸು ಕಡಿಮೆಯಿದ್ದು ಬಿಗಿಯಾಗಿ ಕೂರಬೇಕು. ಮೈಲುತುತ್ತದ ನೀರು ಕಬ್ಬಿಣವನ್ನು ಬೇಗ ತಿನ್ನುವುದರಿಂದ ಸಿಂಪಡಣೆ ಪಂಪಿಗೆ ಕಬ್ಬಿಣದ ತಂತಿ ಸುತ್ತದೆ ತುಕ್ಕು ಹಿಡಿಯದ ಉಕ್ಕಿನ ಕ್ಲಿಪ್ಪನ್ನೇ ಹಾಕುವುದು ಒಳಿತು.

ಮಲೆನಾಡಿನ ತೇವವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಎಥೆನಾಲ್ ಗಾಳಿಯ ತೇವವನ್ನು ಹೀರುತ್ತದೆ. ನೀರು ಮಿತಿಮೀರಿದಾಗ ಎಥೆನಾಲ್ ಮತ್ತು ನೀರು ಬೇರೆಯಾಗಿ ತಳದಲ್ಲಿ ನಿಲ್ಲುತ್ತವೆ. ತೂಕದ ಗುಂಡಿನ ಹೀರುಕೊಳವೆ ಮೊದಲು ಎಳೆದುಕೊಳ್ಳುವುದು ಎಣ್ಣೆಯ ಅಂಶವಿಲ್ಲದ ಆ ತಳದ ಪದರವನ್ನೇ. ಎಣ್ಣೆ ಬೆರೆಸಿ ಓಡಿಸುವ ಎರಡು ಸ್ಟ್ರೋಕಿನ ಇಂಜಿನ್ನಿನ ಪಿಸ್ಟನ್ ಇದರಿಂದ ಜಾಮ್ ಆಗಬಹುದು. ಮುಚ್ಚಳ ಬಿಗಿಯಾಗಿರಬೇಕು, ಮಳೆಗಾಲದಲ್ಲಿ ಬೇಕಾದಷ್ಟೇ ಇಂಧನ ಕಲಸಬೇಕು ಎಂಬುದಕ್ಕೆ ಇದೇ ಕಾರಣ.

ಪರೀಕ್ಷೆಯ ಕ್ರಮ

ಎರಡು ಸ್ಟ್ರೋಕಿನ ಯಂತ್ರ ದುರಸ್ತಿಗೆ ಬಂದಾಗ ಕೆಳಗಿನ ಕ್ರಮವನ್ನು ಅನುಸರಿಸಬಹುದು:

1. ಇಂಜಿನ್ ತಣಿದ ಮೇಲೆ ಇಂಧನವನ್ನು ಲೋಹದ ಡಬ್ಬಿಗೆ ಬಸಿದು, ಟ್ಯಾಂಕನ್ನು ಗಾಳಿಯಾಡುವೆಡೆ ಆರಲು ಬಿಡಬೇಕು.

2. ಹೀರುಕೊಳವೆಯ ಸೋಸುಕ ತೆಗೆದು ಆ ತುದಿಯನ್ನು ಮುಚ್ಚಿ, ಕಾರ್ಬುರೇಟರಿನ ಕಡೆಯ ತುದಿಗೆ ಮಾಪಕವುಳ್ಳ ಕೈಪಂಪು ಜೋಡಿಸಬೇಕು.

3. ತಯಾರಕರು ಹೇಳಿದ ಒತ್ತಡವನ್ನು, ಸೂಚನೆಯಿಲ್ಲದಿದ್ದರೆ 0.3 ಬಾರ್ ಮೀರದಂತೆ, ಕೊಟ್ಟು ಒಂದು ನಿಮಿಷ ಕಾಯಬೇಕು. ಮುಳ್ಳು ಇಳಿದರೆ ಸಾಬೂನು ನೀರು ಹಚ್ಚಿ ಗುಳ್ಳೆಯೇಳುವ ಜಾಗವನ್ನು ಗುರುತಿಸಬೇಕು.

4. ಮರುಜೋಡಿಸಿ, ಅರ್ಧ ಟ್ಯಾಂಕ್ ಇಂಧನ ತುಂಬಿ, ಮುಚ್ಚಳ ಹಾಕಿ, ಯಂತ್ರವನ್ನು ನಾಲ್ಕೂ ಕಡೆ ವಾಲಿಸಿ ಒಣ ಬಟ್ಟೆಯ ಮೇಲೆ ನೋಡಬೇಕು. ಆಗ ಒದ್ದೆಯಾದರೆ ದೋಷವು ಕೊಳವೆ ಹೊರಬರುವೆಡೆಯ ರಬ್ಬರ್ ಬುಚ್ಚಿನಲ್ಲಿ, ಮುಚ್ಚಳದಲ್ಲಿ ಅಥವಾ ಗಾಳಿಕಂಡಿಯ ಕವಾಟದಲ್ಲಿ ಇರುತ್ತದೆ.

ಗಾಳಿಕಂಡಿಯನ್ನು ಮೇಣದಿಂದ ಮುಚ್ಚಿ ಸೋರಿಕೆ ನಿಲ್ಲಿಸುವುದು ತಪ್ಪು. ಟ್ಯಾಂಕಿನೊಳಗೆ ನಿರ್ವಾತವುಂಟಾಗಿ ಇಂಧನ ಹರಿಯುವುದೇ ನಿಲ್ಲುತ್ತದೆ.

ನಾಲ್ಕು ಸ್ಟ್ರೋಕಿನ ಪಂಪಿನಲ್ಲಿ ಕಾರ್ಬುರೇಟರಿನ ತೇಲುಗುಂಡಿನ ಸೂಜಿಯ ಕೆಳಗೆ ಕಸ ಸಿಕ್ಕರೆ ಪೆಟ್ರೋಲ್ ಉಕ್ಕುತ್ತದೆ. ಕೆಲವೊಮ್ಮೆ ಸಿಲಿಂಡರಿಗಿಳಿದು ಇಂಜಿನ್ ಎಣ್ಣೆಯನ್ನು ತೆಳುವಾಗಿಸುತ್ತದೆ. ಎಣ್ಣೆಯ ಮಟ್ಟ ತಾನಾಗಿ ಏರಿದ್ದು, ಅಳೆಯುವ ಕಡ್ಡಿಗೆ ಪೆಟ್ರೋಲ್ ವಾಸನೆಯಿದ್ದರೆ ಇದೇ ಕಾರಣವಿರಬಹುದು. ಸಾಗಿಸುವಾಗ ಇಂಧನದ ಕಾಕ್ ಮುಚ್ಚಿದರೆ ಈ ತೊಂದರೆ ಬಹಳಷ್ಟು ತಪ್ಪುತ್ತದೆ.

ತುಂಬುವ ಕ್ರಮ ಹಾಗೂ ಕಾಯ್ದೆ

ಇಂಜಿನ್ ನಿಲ್ಲಿಸಿ ತಣಿದ ಮೇಲೆ, ಡಬ್ಬಿಯನ್ನು ನೆಲದ ಮೇಲಿಟ್ಟು, ಸೋಸುಕವುಳ್ಳ ಆಲಿಕೆಯಿಂದ ತುಂಬಬೇಕು. ಇಂಧನ ಹಿಗ್ಗಲು ಮೇಲ್ಭಾಗದಲ್ಲಿ ಸ್ವಲ್ಪ ಜಾಗ ಬಿಡಬೇಕು. ಚೆಲ್ಲಿದ್ದನ್ನು ಒರೆಸಿ, ತುಂಬಿದ ಜಾಗದಿಂದ ಕನಿಷ್ಠ ಮೂರು ಮೀಟರ್ ದೂರ ಹೋಗಿ ಯಂತ್ರ ಚಾಲೂ ಮಾಡಬೇಕು.

1934ರ ಪೆಟ್ರೋಲಿಯಂ ಕಾಯ್ದೆಯ 8ನೇ ಕಲಮಿನಂತೆ ಮಾರಾಟಕ್ಕಲ್ಲದೆ ಸ್ವಂತಕ್ಕೆ 30 ಲೀಟರ್‌ವರೆಗೆ ಪೆಟ್ರೋಲ್ ಇಟ್ಟುಕೊಳ್ಳಲು ಪರವಾನಗಿ ಬೇಕಿಲ್ಲ. ಆದರೆ ಪಾತ್ರೆ ಬಿಗಿಮುಚ್ಚಳವುಳ್ಳ ಗಾಜು, ಪಿಂಗಾಣಿ ಜಾತಿಯ ಕಲ್ಲುಮಣ್ಣು ಅಥವಾ ಲೋಹದ್ದಾಗಿರಬೇಕು. ಲೋಹದ ಪಾತ್ರೆ 25 ಲೀಟರನ್ನೂ, ಉಳಿದವು ಒಂದು ಲೀಟರನ್ನೂ ಮೀರಬಾರದು. ನೀರಿನ ಪ್ಲಾಸ್ಟಿಕ್ ಬಾಟಲಿಗೆ ಇಲ್ಲಿ ಸ್ಥಾನವಿಲ್ಲ. ಮಾರಾಟದ ಉದ್ದೇಶದಿಂದ ಅಂಗಡಿಯಲ್ಲಿಟ್ಟ ಪೆಟ್ರೋಲಿಗೆ ಈ ರಿಯಾಯಿತಿ ಅನ್ವಯಿಸುವುದಿಲ್ಲ ಎಂಬುದನ್ನು ವರ್ತಕರು ಗಮನಿಸಬೇಕು.

ವರ್ತಕರ ಪಾತ್ರ

ಬೆಳೆಗಾರನು ಅಂಗಡಿಗೆ ಬಂದು “ಒಂದು ಮೀಟರ್ ಪೈಪ್ ಕೊಡಿ” ಎಂದಾಗ “ಯಾವ ಇಂಧನಕ್ಕೆ, ಯಾವ ಯಂತ್ರಕ್ಕೆ?” ಎಂದು ಕೇಳುವುದು ವರ್ತಕನ ಕರ್ತವ್ಯ. ಅಳತೆಗೆ ತಕ್ಕ ಪೆಟ್ರೋಲ್ ಕೊಳವೆ, ಬುಚ್ಚು, ಸೋಸುಕ, ಉಕ್ಕಿನ ಕ್ಲಿಪ್ಪು ಈ ನಾಲ್ಕನ್ನೂ ಒಂದೇ ಪೊಟ್ಟಣದಲ್ಲಿ ಯಂತ್ರದ ಹೆಸರು ಬರೆದಿಟ್ಟರೆ ಗ್ರಾಹಕನಿಗೂ ಅನುಕೂಲ, ಅಂಗಡಿಗೂ ಲಾಭ. ಮಳೆಗಾಲಕ್ಕೆ ಮುನ್ನ, ಮೇ ತಿಂಗಳಲ್ಲಿಯೇ, ದುರಸ್ತಿದಾರರು ನಿಗದಿತ ದರದಲ್ಲಿ ಸೋರಿಕೆ ಪರೀಕ್ಷೆ ಮಾಡಿ ದಿನಾಂಕದ ಚೀಟಿ ಅಂಟಿಸಿ ಕೊಡಬಹುದು. ಕೊಳವೆಯ ಬೆಲೆ ಅಲ್ಪ. ಅದು ಕಾಯುವುದು ಒಂದು ವರ್ಷದ ಫಸಲನ್ನು, ಅದಕ್ಕಿಂತ ಮಿಗಿಲಾಗಿ ಯಂತ್ರ ಹೊತ್ತ ಕೆಲಸಗಾರನನ್ನು.